ಕಿವಿಯ ಬಾಗಿಲು

ಜನವರಿ 5, 2025, ಭಾನುವಾರ

ಇವತ್ತು ಕರ್ತನ ಭೋಜನದ ಭಾನುವಾರ. ತಿಂಗಳ ಮೊದಲ ಭಾನುವಾರ ನಮ್ಮ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುತ್ತಾರೆ. ಕೊಡುವ ಮುಂಚೆ ಪಾಸ್ಟರ್ ಸುನೀಲ್‌ಕುಮಾರ್ ಒಬ್ಬೊಬ್ಬರ ಮುಂದೆಯೂ ನಿಂತು, "ಹೃದಯ ಶುದ್ಧವಾಗಿದೆಯಾ?" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಕೇಳುತ್ತಾರೆ. ಹೌದು ಅಂದವರು ತೆಗೆದುಕೊಳ್ಳಬಹುದು. ಮನಸ್ಸಿನಲ್ಲಿ ಏನಾದರೂ ಇಟ್ಟುಕೊಂಡವರು ತಟ್ಟೆಯನ್ನು ಪಕ್ಕದವರಿಗೆ ದಾಟಿಸಬೇಕು. ದಾಟಿಸಿದವರ ಮುಖ ಯಾರೂ ನೋಡಬಾರದು ಅಂತ ಕಟ್ಟುನಿಟ್ಟು. ಎಲ್ಲರೂ ನೋಡುತ್ತಾರೆ.

ನಾನು ದೀಕ್ಷಾಸ್ನಾನ ತೆಗೆದುಕೊಂಡ ಮೇಲೆ ಒಂದು ಸಲವೂ ದಾಟಿಸಿಲ್ಲ. ಬರೆದ ಮೇಲೆ ಇದು ಗರ್ವ ಅನ್ನಿಸಿತು. ಇರಲಿ, ಹೊಡೆದು ಹಾಕುವುದಿಲ್ಲ.

ಇವತ್ತಿನ ಪ್ರಸಂಗ ಹೃದಯ ಕಾಯುವುದರ ಬಗ್ಗೆ. ಪಾಸ್ಟರಯ್ಯ ಪಾವಗಡದ ಪೇಟೆಯಲ್ಲಿ ಬೆಳೆದವರು, ಆದರೂ ನಮ್ಮ ಹಟ್ಟಿಯವರಿಗೆ ತಿಳಿಯುವ ಹಾಗೆ ಹೇಳಿದರು. "ಕುರಿ ಕೂಡಿ ತಡಿಕೆ ಮುಚ್ತೀರಲ್ಲ, ಯಾಕೆ? ತೋಳ ಹೇಳಿ ಕಳಿಸಿ ಬರಲ್ಲ. ಹೃದಯಕ್ಕೂ ಕಣ್ಣು, ಕಿವಿ, ನಾಲಿಗೆ ಅಂತ ಮೂರು ಬಾಗಿಲಿವೆ. ಪಾಪ ಗೋಡೆ ಒಡ್ಕೊಂಡು ಬರಲ್ಲ. ತೆಗೆದಿರೋ ಬಾಗಿಲಲ್ಲೇ ಬರುತ್ತೆ." ಯಾವ ಬಾಗಿಲಲ್ಲಿ ಏನು ಒಳಗೆ ಬಂತು ಅಂತ ಸಹೋದರಿಯರೆಲ್ಲ ದಿನಾ ಸಂಜೆ ಬರೆದಿಟ್ಟುಕೊಳ್ಳಿ, ಯಾರಿಗೂ ತೋರಿಸಬೇಡಿ, ದೇವರ ಮುಂದೆ ಓದಿಕೊಳ್ಳಿ ಅಂದರು. ತುಮಕೂರಿನ ಹಾಸ್ಟೆಲ್ಲಿನಲ್ಲಿರುವ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳಿದ್ದವು. ಶುರು ಮಾಡಿದ್ದೇನೆ.

ಕಣ್ಣು: ನಮ್ಮ ಸಭೆಯ ವನಜಾಕ್ಷಿಯ ಹೊಸ ಸೀರೆ ನೋಡಿದೆ. ಆ ಬಣ್ಣ ಅವಳಿಗೆ ಒಪ್ಪುವುದಿಲ್ಲ ಅನ್ನಿಸಿ ಸಮಾಧಾನವಾಯಿತು.

ಕಿವಿ: ಅತ್ತೆ ತಮ್ಮ ಒಲೆಯ ಮುಂದೆ ಕೂತು ಕೋಳಿಗೆ ಬೈಯುತ್ತಿದ್ದರು. ಬೈದದ್ದು ಕೋಳಿಗಲ್ಲ.

ನಾಲಿಗೆ: ನಾನು ಉತ್ತರ ಕೊಡಲಿಲ್ಲ. ಉತ್ತರ ಮಾತ್ರ ಬಹಳ ಚೆನ್ನಾಗಿ ಹೊಳೆದಿತ್ತು.

ನಮ್ಮದು ಒಂದೇ ಮನೆ, ಎರಡು ಒಲೆ. ನಾನೂ ಯಜಮಾನರೂ ದೀಕ್ಷಾಸ್ನಾನಕ್ಕೆ ನೀರಿಗಿಳಿದ ದಿನವೇ ಅತ್ತೆ ಕ್ಯಾತಮ್ಮ ಪಡಸಾಲೆಯಲ್ಲಿ ಬೇರೆ ಒಲೆ ಹಾಕಿಕೊಂಡರು. "ಇನ್ಮೇಲೆ ಅವಳ ಕೈ ನೀರು ನಾ ಮುಟ್ಟಾಕಿಲ್ಲ" ಅಂದರು. ಮಗನ ಜೊತೆ ಮಾತಿದೆ. ನನ್ನ ಜೊತೆ ಇಲ್ಲ. ಸಭೆಯಲ್ಲಿ ನನಗೆ ಮಾರ್ತ ಅಂತ ಹೆಸರಿಟ್ಟರು, ಆ ಹೆಸರು ಅತ್ತೆಯ ಬಾಯಲ್ಲಿ ಇವತ್ತಿನವರೆಗೆ ಬಂದಿಲ್ಲ. ಹಳೆಯ ಹೆಸರು ಸರ್ವಮಂಗಳಾ, ಹಾಗೂ ಕರೆಯುವುದಿಲ್ಲ. "ಅವಳು", ಅಷ್ಟೇ.

ಜನವರಿ 11, ಶನಿವಾರ

ಅತ್ತೆಗೆ ಲಕ್ವ ಹೊಡೆದಿದೆ. ಬೆಳಗ್ಗೆ ಒಲೆಯ ಮುಂದೆ ವಾಲಿಕೊಂಡು ಬಿದ್ದಿದ್ದರು. ಕೈಯಲ್ಲಿ ಊದುಗೊಳವೆ ಹಾಗೇ ಇತ್ತು. ಬಲಗಡೆ ಪೂರ್ತಿ ಹೋಗಿದೆ. ಬಾಯಿ ತೆರೆದರೆ "ಅದೇ, ಅದೇ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಪಾವಗಡದಲ್ಲಿ ನೋಡಿ ತುಮಕೂರಿಗೆ ಬರೆದುಕೊಟ್ಟರು. ಯಜಮಾನರು ಆಂಬುಲೆನ್ಸಿನಲ್ಲಿ ಹೋದರು.

ಮಾತು ಹೋಗಿದೆ ಅಂತ ಡಾಕ್ಟರು ಹೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು, ಇನ್ನು ಕೋಳಿಗೆ ಬೈಗುಳ ಇಲ್ಲ ಅಂತ. ಇದು ಯಾವ ಬಾಗಿಲಲ್ಲಿ ಬಂತೋ ಗೊತ್ತಿಲ್ಲ. ಬಂದದ್ದಲ್ಲ, ಒಳಗೇ ಇತ್ತು.

ಜನವರಿ 20, ಸೋಮವಾರ

ಮನೆಗೆ ಕರೆದುಕೊಂಡು ಬಂದಿದ್ದಾರೆ. ಗೌಡಗೆರೆಯಲ್ಲಿರುವ ಯಜಮಾನರ ಅಣ್ಣ, ಓಬಳಪ್ಪ ಭಾವ, ಬಂದು ನೋಡಿಕೊಂಡು ಹೋದರು. "ನಮ್ಮೋಳು ಮನೇಲಿಲ್ಲ, ಕಡ್ಲೇಕಾಯಿ ಬಿಡ್ಸೋ ಕಾಲ" ಅಂದರು. ಯಾರನ್ನೂ ಕೇಳುವ ಹಾಗಿಲ್ಲ. ಯಜಮಾನರು ಬೆಳಗ್ಗೆ ಅಂಬಲಿ ಕುಡಿಸಿ ಸೋಲಾರ್ ಪಾರ್ಕಿಗೆ ಪ್ಯಾನೆಲ್ ತೊಳೆಯುವ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿಂದ ಸಂಜೆವರೆಗೆ ಅತ್ತೆಗೆ ನಾನೊಬ್ಬಳೇ.

ಮಧ್ಯಾಹ್ನ ಲೋಟ ಹಿಡಿದುಕೊಂಡು ಹೋದೆ. ಅತ್ತೆ ತುಟಿ ಬಿಗಿದರು. ಅರ್ಧ ದೇಹ ಸತ್ತಿದೆ, ಹಟ ಸತ್ತಿಲ್ಲ. ಸೆರಗಿನ ತುದಿ ಅದ್ದಿ ತುಟಿಗೆ ಹಿಂಡಿದೆ. ಹನಿ ಒಳಗೆ ಹೋಯಿತು. ನುಂಗಿದರು. ನುಂಗಿದ ಮೇಲೆ ಕಣ್ಣಲ್ಲಿ ನೀರು ಬಂತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ನನ್ನ ಕಾಲ ಬಂದಾಗ ನನಗೆ ಏನೂ ಖುಷಿಯಾಗಲಿಲ್ಲ. ಸೊಂಟ ನೋಯುತ್ತಿದೆ, ಅಷ್ಟೇ.

ಕಣ್ಣು: ಅತ್ತೆಯ ಬೆತ್ತಲೆ ಮೈ ಕಂಡಿತು. ನಾಚಿಕೆ ಅವರಿಗೋ ನನಗೋ ತಿಳಿಯಲಿಲ್ಲ.

ಫೆಬ್ರವರಿ 2, ಭಾನುವಾರ

ಭೋಜನದ ಭಾನುವಾರ. ಬೆಳಗ್ಗೆ ಅತ್ತೆಯ ಹಾಸಿಗೆ ಎರಡು ಸಲ ಬದಲಾಯಿಸಿದೆ. ಎರಡನೇ ಸಲ ನನ್ನ ಬಾಯಿಂದ ಬಂದೇಬಿಟ್ಟಿತು, "ಬೇಗ ಕರ್ಕೊಂಬುಡಪ್ಪ ತಂದೆ." ಅವರ ಕಷ್ಟ ನೋಡಲಾರದೆ ಅಂದೆ ಅಂತ ನನಗೆ ನಾನೇ ಹೇಳಿಕೊಂಡೆ. ಪಾಸ್ಟರಯ್ಯ ಮುಂದೆ ನಿಂತು ಕೇಳಿದಾಗ ಹೌದು ಅಂದೆ, ರೊಟ್ಟಿ ತೆಗೆದುಕೊಂಡೆ. ನಮ್ಮ ಸಭೆಯಲ್ಲಿ ಪಲ್ಲವಿ ಎತ್ತುವುದು ನಾನೇ. ನಾನು ಎತ್ತಿದರೆ ಉಳಿದವರು ಹಾಡುತ್ತಾರೆ. ಇವತ್ತು ರೊಟ್ಟಿ ಗಂಟಲಲ್ಲೇ ನಿಂತಿದ್ದ ಹಾಗಿತ್ತು, ಸ್ವರ ಒಡೆಯಿತು. ಬಿಸಿತುಪ್ಪದ ಹಾಗೆ, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಫೆಬ್ರವರಿ 8, ಶನಿವಾರ

ವರಲಕ್ಷ್ಮಿ ಅಂತ ಒಬ್ಬ ಹುಡುಗಿ ವಾರಕ್ಕೊಂದು ಸಲ ಸ್ಕೂಟಿಯಲ್ಲಿ ಬಂದು ಅತ್ತೆಯ ಕೈಕಾಲು ಆಡಿಸಿ ಹೋಗುತ್ತಾಳೆ. ಪಾವಗಡದಲ್ಲಿ ಫಿಸಿಯೋ ಕೆಲಸ. ಇವತ್ತು ಕೇಳಿದಳು, "ಅಜ್ಜಿಗೆ ಹಾಡು ಏನಾದ್ರೂ ಬರ್ತಿತ್ತಾ ಆಂಟಿ?"

ನಾನು ಬಾಯಿ ಬಿಡುವ ಮುಂಚೆ ಯಜಮಾನರು, "ಹಾಡಾ? ನಮ್ಮಮ್ಮನ್ನ ಹಾಡಿನ ಕ್ಯಾತಮ್ಮ ಅಂತಿದ್ರು ಕಣಮ್ಮ. ತಿರುಮಣಿ, ರಾಯಚರ್ಲು, ಎಲ್ಲಿ ಮದ್ವೆ ಆದ್ರೂವೆ ಗಾಡಿ ಕಳುಸ್ತಿದ್ರು" ಅಂದರು.

"ಅಂಗಾದ್ರೆ ಹಾಡ್ಸಿ. ಮಾತು ಹೋದ ಕೆಲವ್ರಿಗೆ ಹಾಡು ಉಳ್ಕೊಂಡಿರುತ್ತೆ. ಹಾಡಿನ ಹಿಂದೆ ಮಾತೂ ಬಂದ್ರೂ ಬರ್ಬೋದು. ಗ್ಯಾರಂಟಿ ಕೊಡಲ್ಲ."

ಯಜಮಾನರು ನನ್ನ ಮುಖ ನೋಡಿದರು. ನಾನು ಅಡುಗೆಮನೆಗೆ ಹೋದೆ. ಅತ್ತೆಯ ಹಾಡುಗಳೆಲ್ಲ ಹಟ್ಟಿಯ ತಾಯಿಯ ಹಾಡುಗಳು, ದೇವತೆಯನ್ನು ಕರೆಯುವವು. ಅವನ್ನು ಬಾಯಲ್ಲಿ ಆಡುವುದಿಲ್ಲ, ಕಿವಿಯಲ್ಲಿ ಕೇಳುವುದಿಲ್ಲ ಅಂತ ನಾನು ನೀರಿನಲ್ಲಿ ನಿಂತು ಮಾತು ಕೊಟ್ಟವಳು.

ಫೆಬ್ರವರಿ 10, ಸೋಮವಾರ

ಹಾಡು ತಾನೇ ಬೇಕಾಗಿರುವುದು ಅಂತ ಸಭೆಯ ಹಾಡು ಹಾಡಿದೆ. ಅತ್ತೆ ಸೂರು ನೋಡುತ್ತಾ ಮಲಗಿದ್ದರು. ಮೂರನೇ ಹಾಡಿಗೆ ಎಡಗೈಯಿಂದ ಕಂಬಳಿ ಮುಖದ ಮೇಲೆ ಎಳೆದುಕೊಂಡರು.

ನಗು ಬಂತು. ಮಾತು ಹೋದರೂ ಹೇಳಬೇಕಾದ್ದನ್ನು ಹೇಳುತ್ತಾರೆ.

ಫೆಬ್ರವರಿ 19, ಬುಧವಾರ

ಮಧ್ಯಾಹ್ನ ಹಸಿಹಿಟ್ಟು ನಾದುತ್ತಿದ್ದೆ. ಪಡಸಾಲೆಯಿಂದ ದನಿ ಬಂತು. ರೇಡಿಯೋ ಅಂದುಕೊಂಡೆ. ಅತ್ತೆ. "ಅದೇ" ಬಿಟ್ಟು ಬೇರೆ ಬಾರದ ಬಾಯಲ್ಲಿ ಪೂರ್ತಿ ಸಾಲು, ಒಂದಕ್ಷರ ಬಿಡದೆ:

"ಹಾಲ ಕಾಸಿ ಇಟ್ಟಿವ್ನಿ,
ಹಟ್ಟಿ ಬಾಗ್ಲು ತೆಗ್ದಿವ್ನಿ."

ಅಷ್ಟಕ್ಕೆ ನಿಂತಿತು. ಮತ್ತೆ ಅದೇ ಸಾಲು. ಮತ್ತೆ ನಿಂತಿತು. ನಮ್ಮ ಕಡೆ ಹಾಡನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬರು ಸಾಲು ಎತ್ತಬೇಕು, ಇನ್ನೊಬ್ಬರು ಸೊಲ್ಲು ಕೊಡಬೇಕು. ಸೊಲ್ಲು ಬಾರದೆ ಎತ್ತಿದವರು ಮುಂದಿನ ಸಾಲಿಗೆ ಹೋಗುವುದಿಲ್ಲ. ಇದಕ್ಕೆ ಸೊಲ್ಲು, "ಬಾರಮ್ಮ ಒಳಕ್ಕೆ ಬಾರಮ್ಮ." ತಾಯಿಯನ್ನು ಕರೆಯುವುದೂ ಇದರಲ್ಲೇ, ಹೊಸ ಸೊಸೆಯನ್ನು ಹೊಸಿಲು ದಾಟಿಸುವುದೂ ಇದರಲ್ಲೇ.

ನಾನು ಹಿಟ್ಟಿನ ಕೈಯಲ್ಲೇ ಎರಡೂ ಕಿವಿ ಮುಚ್ಚಿಕೊಂಡು ನಿಂತೆ. ಆಮೇಲೆ ಕಿವಿಯಿಂದ ಹಿಟ್ಟು ತೆಗೆಯುವುದೇ ಒಂದು ಕೆಲಸವಾಯಿತು.

ಅತ್ತೆ ಹೆಣ್ಣು ನೋಡಲು ಮಧುಗಿರಿಯ ನನ್ನ ತವರಿಗೆ ಬಂದಿದ್ದಾಗ ಅಡುಗೆ ಬರುತ್ತಾ, ಕಸೂತಿ ಬರುತ್ತಾ ಅಂತ ಕೇಳಿರಲಿಲ್ಲ. "ಒಂದು ಸೊಲ್ಲು ಕೊಡು ನೋಡಾನ" ಅಂದಿದ್ದರು. ಕೊಟ್ಟೆ. ಅಲ್ಲೇ ವೀಳ್ಯ ಬದಲಾಯಿಸಿದರು. ದೀಕ್ಷಾಸ್ನಾನದವರೆಗೆ ಎಲ್ಲ ಮದುವೆಗೂ ಅವರ ಪಕ್ಕ ಕೂತು ಸೊಲ್ಲು ಕೊಟ್ಟವಳು ನಾನೇ. ಆಮೇಲೆ ಒಂದು ಮದುವೆ ಬಿಟ್ಟರೆ ಅವರು ಹಾಡಲು ಹೋದದ್ದನ್ನು ನಾನು ಕಂಡಿಲ್ಲ. ವಯಸ್ಸಾಯಿತು ಅಂತ ಬಿಟ್ಟಿರಬೇಕು.

ಫೆಬ್ರವರಿ 26, ಬುಧವಾರ

ಇವತ್ತು ಶಿವರಾತ್ರಿ. ಹಟ್ಟಿಯವರೆಲ್ಲ ಉಪವಾಸ. ಪಕ್ಕದ ಮನೆಯ ಗಂಗರತ್ನಮ್ಮ ಅತ್ತೆಯ ಓರಗೆಯವರು, ಕೋಲೂರಿಕೊಂಡು ಬಂದರು. ಅತ್ತೆ ಸಾಲು ಎತ್ತಿದರು. ಗಂಗರತ್ನಮ್ಮ ಸೊಲ್ಲು ಕೊಡಲು ಹೋದರೆ ಉಬ್ಬಸ. "ಬಾರಮ್ಮ" ಅನ್ನುವುದರೊಳಗೆ ಕೆಮ್ಮು ಹತ್ತಿತು. ಅತ್ತೆ ಕಾದರು. ಮತ್ತೆ ಎತ್ತಿದರು. ಮತ್ತೆ ಕೆಮ್ಮು.

"ನನ್ ಕೈಲಾಗಾಕಿಲ್ಲ ಕಣಮ್ಮ. ನೀನಾರ ಕೊಡು. ನಿನ್ ಗಂಟ್ಲು ಏನಾಗೈತೆ?"

"ನಮ್ಮಲ್ಲಿ ಅದು ಆಗಲ್ಲ ದೊಡ್ಡಮ್ಮ."

"ನಿಮ್ಮಲ್ಲಿ ನಮ್ಮಲ್ಲಿ ಅಂತ ನಾನೇನೂ ಅರೀನವ್ವ. ಒಂದು ಮಾತು ಹೇಳ್ತೀನಿ, ತಿಳ್ಕೋ. ಹಾಡು ಎತ್ತೋಳು ಸತ್ರೆ ಬಾರಮ್ಮ ಅಂಬೋದ್ನ ಹೋಗ್ಬಾರಮ್ಮ ಅಂತ ತಿರುಗ್ಸಿ ಹಾಡಿ ಕಳುಸ್ಬೇಕು. ಅವಳಿಗೆ ಸೊಲ್ಲು ಕೊಟ್ಟೋಳೇ ಎತ್ಬೇಕು. ನಮ್ಮತ್ತೆಗೆ ನಾನು ಎತ್ತಿದ್ದೆ. ಕ್ಯಾತಿಗೆ ಯಾರು ಎತ್ತಾರು?"

ಹೋಗುವಾಗ "ಅಯ್ಯೋ ದೇವುಡಾ" ಅಂದುಕೊಂಡೇ ಹೋದರು. ಅತ್ತೆ ಇದೆಲ್ಲ ಕೇಳಿಸಿಕೊಂಡು ಮಲಗಿದ್ದರು. ಮುದುಕಿಗೆ ಬಾಯಿಗೆ ಬೀಗವಿಲ್ಲ, ರೋಗಿಯ ಮುಂದೆ ಹೀಗಾ ಮಾತಾಡುವುದು? ಸಿಟ್ಟು ಬಂತು.

ಮಾರ್ಚ್ 2, ಭಾನುವಾರ

ಆರಾಧನೆಗೆ ಮುಂಚೆ ಪಾಸ್ಟರಯ್ಯನವರನ್ನು ಕೇಳಿದೆ. ಅತ್ತೆಗೆ ಹಾಡಿನಿಂದ ಮಾತು ಬರಬಹುದಂತೆ, ಸೊಲ್ಲು ಕೊಡುವವರಿಲ್ಲ, ನಾನು ಕೊಟ್ಟರೆ ಪಾಪವೇ? ಅವರು ಒಳ್ಳೆಯವರು, ಗದರಲಿಲ್ಲ. ಸತ್ಯವೇದ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಯೋಚಿಸಿದರು.

"ಔಷಧಿ ಅಂದ್ರೆ ಔಷಧಿ ಸಿಸ್ಟರ್. ಆದ್ರೆ ಬಾಯಲ್ಲಿ ಹಾಡಿದ್ದು ಬಾಯಲ್ಲೇ ಇರಲ್ಲ. ಒಳಗೆ ಇಳಿಯುತ್ತೆ. ನಿಮ್ಮ ಹೃದಯ ನೀವೇ ಕಾಯ್ಬೇಕು, ನಾನು ಬಂದು ಕಾಯೋಕಾಗಲ್ಲ. ನಂಗೂ ಸರಿಯಾಗಿ ತಿಳೀತಿಲ್ಲ, ಪ್ರಾರ್ಥನೆ ಮಾಡೋಣ."

ಮಾಡಿದೆವು. ರೊಟ್ಟಿ ತೆಗೆದುಕೊಂಡೆ. ದೇವರು ಏನೂ ಹೇಳಲಿಲ್ಲ.

ಮಾರ್ಚ್ 6, ಗುರುವಾರ

ಕೊಟ್ಟುಬಿಟ್ಟೆ.

ಬಟ್ಟೆ ಮಡಚುತ್ತಿದ್ದೆ. ಅತ್ತೆ ಬೆಳಗಿನಿಂದ ಅದೇ ಸಾಲು, ಅದೇ ನಿಲ್ಲುವುದು. ಬಾಗಿಲ ಮುಂದೆ ಬಂದವರು ಒಳಗೆ ಕರೆಯಲಿ ಅಂತ ನಿಂತಿರುತ್ತಾರಲ್ಲ, ಹಾಗೆ. ನನ್ನ ಬಾಯಿ ನನ್ನನ್ನು ಕೇಳಲಿಲ್ಲ. "ಬಾರಮ್ಮ ಒಳಕ್ಕೆ ಬಾರಮ್ಮ."

ಅತ್ತೆಯ ಕುತ್ತಿಗೆ ನನ್ನ ಕಡೆ ತಿರುಗಿತು. ಮುಂದಿನ ಸಾಲು ಎತ್ತಿದರು. ಕೊಟ್ಟೆ. ಅದರ ಮುಂದಿನದು. ಕೊಟ್ಟೆ. ಒಲೆಯ ಮೇಲೆ ಬೇಳೆ ಸೀದು ಹೋಯಿತು.

ಸಂಜೆ ಮೊಣಕಾಲೂರಿ ಕ್ಷಮೆ ಕೇಳಿದೆ. ಕೇಳುವಾಗಲೂ ತಲೆಯೊಳಗೆ ಅದೇ ಹಾಡು ತಿರುಗುತ್ತಿತ್ತು. ನಾನು ಕೆಟ್ಟೆ.

ಮಾರ್ಚ್ 11, ಮಂಗಳವಾರ

ಅತ್ತೆ ನೀರು ಕೇಳಿದರು! ಮಾತಿನಲ್ಲಲ್ಲ, ಆ ಹಾಡಿನ ಧಾಟಿಯಲ್ಲಿ: "ನೀರು ತಾರಮ್ಮ, ನೀರು ತಾರಮ್ಮ." ಲೋಟ ತಂದೆ. ನನ್ನ ಕೈಯಿಂದಲೇ ಗಟಗಟ ಕುಡಿದರು. ಯಜಮಾನರಿಗೆ ಫೋನ್ ಮಾಡಿ ಹೇಳಿದೆ. ಅವರು ಪ್ಯಾನೆಲ್ಲುಗಳ ನಡುವೆ ನಿಂತು ಅತ್ತರಂತೆ, ಸೂಪರ್‌ವೈಸರ್ ಕಣ್ಣಿಗೆ ಧೂಳು ಬಿತ್ತಾ ಅಂದನಂತೆ.

ಬೆಲ್ಲದ ಬೇಳೆ ಮಾಡಿದ್ದೆ. ಅತ್ತೆಗೆ ಇಷ್ಟ. ಅದು ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ ಅಂತ ಮಾಡಿದ್ದು, ಬೇರೇನೂ ಇಲ್ಲ.

ಮಾರ್ಚ್ 16, ಭಾನುವಾರ

ಆರಾಧನೆ ಮುಗಿದ ಮೇಲೆ ವನಜಾಕ್ಷಿ ಚಪ್ಪಲಿ ಹುಡುಕುವ ನೆಪದಲ್ಲಿ ಪಕ್ಕಕ್ಕೆ ಬಂದಳು.

"ಅಕ್ಕ, ತಪ್ಪು ತಿಳ್ಕೋಬ್ಯಾಡಿ. ನಿಮ್ಮನೆಯಿಂದ ತಾಯಿ ಸೊಲ್ಲು ಕೇಳಿಸ್ತೈತೆ ಅಂತ ಜನ ಆಡ್ಕೊಂತವ್ರೆ. ಹೊಸದಾಗಿ ಸಭೆಗೆ ಬರೋ ಹೆಣ್ಮಕ್ಕಳು ನನ್ನ ಕೇಳ್ತಾರೆ, ಮಾರ್ತಕ್ಕನೇ ಹಾಡ್ಬೋದು ಅಂದ್ಮೇಲೆ ನಾವ್ಯಾಕೆ ಹಬ್ಬ ಬುಡ್ಬೇಕು ಅಂತ. ನಾನೇನ್ ಹೇಳ್ಲಿ?"

ಅವಳ ಚಪ್ಪಲಿ ಅವಳ ಕಾಲಲ್ಲೇ ಇದೆ ಅಂತ ಮಾತ್ರ ಹೇಳಿದೆ.

ಸಂಜೆ ಪಾಸ್ಟರಯ್ಯ ಫೋನ್ ಮಾಡಿದರು. ಅತ್ತೆ ಗುಣವಾಗುವವರೆಗೆ ಪಲ್ಲವಿ ಎತ್ತುವುದು ಬೇಡ, ವನಜಾಕ್ಷಿ ಎತ್ತಲಿ, ಇದು ಶಿಕ್ಷೆ ಅಂದುಕೊಳ್ಳಬೇಡಿ ಅಂದರು. ಆಯಿತು ಅಂದೆ. ಫೋನಿಟ್ಟ ಮೇಲೆ ಅಳು ಬಂತು. ಅತ್ತೆ ಎಡಗೈ ಎತ್ತಿ ಹಾಸಿಗೆ ತಟ್ಟಿದರು, ಬಂದು ಕೂತ್ಕೋ ಅನ್ನುವ ಹಾಗೆ. ಹೋಗಿ ಕೂತೆ. ಯಾರಿಂದ ಇದೆಲ್ಲ ಆಯಿತೋ ಅವರ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. ನನ್ನಂಥ ದಡ್ಡಿ ಇಲ್ಲ.

ಮಾರ್ಚ್ 30, ಭಾನುವಾರ

ಯುಗಾದಿ. ನಮಗೆ ಹಬ್ಬವಿಲ್ಲ, ಅತ್ತೆಗಿದೆ. ಯಜಮಾನರು ತಾಯಿಯ ತಲೆಗೆ ಎಣ್ಣೆ ಹಚ್ಚಿದರು, ನಾನು ನೀರು ಹಾಕಿದೆ. ಬೇವು ಬೆಲ್ಲ ನಾನು ಕೊಡಲಿಲ್ಲ, ಗಂಗರತ್ನಮ್ಮ ತಂದು ಬಾಯಿಗಿಟ್ಟರು.

ಮಧ್ಯಾಹ್ನ ಅತ್ತೆ ಹಾಡಿನ ಕೊನೆಯ ಭಾಗಕ್ಕೆ ಬಂದರು. ಅಲ್ಲಿ ಮನೆಯ ಸೊಸೆಯರ ಹೆಸರು ಸೇರಿಸಿ ಹಾಡುವ ಪದ್ಧತಿ. ದೀಕ್ಷಾಸ್ನಾನದ ಮರುವರ್ಷ ಗಂಗರತ್ನಮ್ಮನ ಮಗನ ಮದುವೆಯಲ್ಲಿ ಅತ್ತೆ ಹಟ್ಟಿಯ ಎಲ್ಲ ಸೊಸೆಯರ ಹೆಸರನ್ನೂ ಹಾಡಿ ನನ್ನೊಬ್ಬಳದು ಬಿಟ್ಟಿದ್ದರು. ಬಾಗಿಲ ಆಚೆ ನಿಂತು ಕೇಳಿಸಿಕೊಂಡಿದ್ದೆ. ಕೇಳಬಾರದು ಅಂತ ಮಾತು ಕೊಟ್ಟಿದ್ದರೂ ಕೇಳಿದ್ದೆ.

ಇವತ್ತು ಹಾಡಿದರು:

"ಹಾಲು ಕರೆದೋಳ್ ಯಾರಮ್ಮ?
ಹಟ್ಟಿ ಸೊಸೆ..."

ನಿಂತರು. ಮರೆತಿರಬೇಕು ಅಂದುಕೊಂಡೆ. ದೊಡ್ಡ ಓರಗಿತ್ತಿಯ ಹೆಸರು ಹೇಳಿಕೊಟ್ಟೆ. ತಲೆಯಾಡಿಸಿದರು, ಅದಲ್ಲ. ಹಣೆ ಗಂಟು ಹಾಕಿ, ಸೊಟ್ಟ ತುಟಿಯನ್ನು ಸರಿ ಮಾಡಿಕೊಂಡು, ಕಲ್ಲು ಎತ್ತುವವರ ಹಾಗೆ ಎತ್ತಿದರು:

"ಹಟ್ಟಿ ಸೊಸೆ ಮಾರ್ತಮ್ಮ."

ಸರ್ವಮಂಗಳಾ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸೊಲ್ಲು ಕೊಡಬೇಕಿತ್ತು. ಅತ್ತೆ ಕಾದರು. ಕೊಟ್ಟೆ. ದೇವತೆಯ ಹಾಡಿನಲ್ಲಿ ನನ್ನ ದೀಕ್ಷಾಸ್ನಾನದ ಹೆಸರು ಸೇರಿದೆ. ಇದು ಪಾಪವೋ ಏನೋ, ನನಗೆ ಸಂತೋಷವಾಯಿತು. ತಡೆಯಲಾಗಲಿಲ್ಲ. ಸಂಜೆವರೆಗೂ ಆಯಿತು.

ಏಪ್ರಿಲ್ 6, ಭಾನುವಾರ

"ಹೃದಯ ಶುದ್ಧವಾಗಿದೆಯಾ?"

ಇಲ್ಲ ಅಂದೆ. ಪಾಸ್ಟರಯ್ಯನವರಿಗೆ ನನಗಿಂತ ಹೆಚ್ಚು ನೋವಾದ ಹಾಗಿತ್ತು. ತಟ್ಟೆಯನ್ನು ವನಜಾಕ್ಷಿಗೆ ದಾಟಿಸಿದೆ. ರೊಟ್ಟಿಯ ವಾಸನೆ ಮೂಗಿಗೆ ಬಂದು ಹೋಯಿತು. ಎಲ್ಲರೂ ನೋಡಿದರು. ಸಿಕ್ಕಿಬಿದ್ದ ಕಳ್ಳಿಯ ಹಾಗೆ ಕೂತಿದ್ದೆ. ಒಮ್ಮೆ ಎದ್ದು, ಇನ್ನು ಹಾಡುವುದಿಲ್ಲ ಅಂತ ಹೇಳಿಬಿಡೋಣ ಅನ್ನಿಸಿತು. ಏಳಲು ಆಗಲಿಲ್ಲ.

ಆ ತಟ್ಟೆ ನನ್ನ ಕೈಗೆ ಇನ್ನು ಬರದಿದ್ದರೆ ನನಗೆ ಯಾರಿದ್ದಾರೆ? ಯಜಮಾನರು ಕುಡಿದು ಬೀಳುತ್ತಿದ್ದ ಕಾಲದಲ್ಲಿ ನನ್ನನ್ನು ಎತ್ತಿ ನಿಲ್ಲಿಸಿದ್ದು ಆ ಸಭೆ. ಅದನ್ನು ಮರೆತರೆ ಅನ್ನ ಹುಟ್ಟುವುದಿಲ್ಲ.

ಏಪ್ರಿಲ್ 14, ಸೋಮವಾರ

ಅತ್ತೆಗೆ ಮತ್ತೊಮ್ಮೆ ಲಕ್ವ ಆಗಿದೆ. ನಾವು ಹಾಡುತ್ತಿರುವಾಗಲೇ ಆಯಿತು. ಸಾಲಿನ ನಡುವೆ ದನಿ ನಿಂತಿತು, ಕಣ್ಣು ಮೇಲಾಯಿತು. ಡಾಕ್ಟರು ಬಂದು ನೋಡಿ, ಇನ್ನು ಎಲ್ಲಿಗೂ ಕರೆದುಕೊಂಡು ಹೋಗಬೇಡಿ, ಮನೆಯಲ್ಲೇ ಇರಲಿ ಅಂದರು.

ನನ್ನಿಂದಲೇ. ನಾನೇ ಬಾಗಿಲು ತೆಗೆದೆ, ಇದು ಒಳಗೆ ಬಂತು. ದೇವರು ಮಾರ್ಚ್‌ನಿಂದ ಸುಮ್ಮನಿದ್ದದ್ದು ಇದಕ್ಕೇ ಇರಬೇಕು.

ಹೊಸಿಲ ಮೇಲೆ ಮೊಣಕಾಲೂರಿ, ಹಟ್ಟಿಯವರು ಹರಕೆ ಹೊರುತ್ತಾರಲ್ಲ, ಹಾಗೆ ಯೇಸುವಿಗೆ ಹೊತ್ತೆ: ಅತ್ತೆ ಉಳಿಯಲಿ, ಇನ್ನು ಆ ಸೊಲ್ಲು ನನ್ನ ಬಾಯಲ್ಲಿ ಬರುವುದಿಲ್ಲ.

ಏಪ್ರಿಲ್ 19, ಶನಿವಾರ

ಅತ್ತೆಗೆ ಈಗ ದನಿಯೂ ಇಲ್ಲ. ತುಟಿ ಮಾತ್ರ ಆಡುತ್ತದೆ. ಹಾಲ ಕಾಸಿ ಇಟ್ಟಿವ್ನಿ ಅನ್ನುತ್ತಿದ್ದಾರೆ ಅಂತ ನನಗೆ ಓದಲು ಬರುತ್ತದೆ. ಆಡಿ ನಿಲ್ಲುತ್ತದೆ. ನನ್ನ ಕಡೆ ನೋಡುತ್ತಾರೆ. ಕಾಯುತ್ತಾರೆ.

ನಾನು ಅಂಬಲಿ ಕಲೆಸುತ್ತೇನೆ, ಸೊಳ್ಳೆ ಪರದೆ ಸರಿ ಮಾಡುತ್ತೇನೆ. ಹರಕೆ ಮುರಿದರೆ ಅವರು ಉಳಿಯುವುದಿಲ್ಲ.

ಯಜಮಾನರು, "ಒಂದ್ಸಲ ಕೊಟ್ಬುಡೇ, ಏನಾಗ್ತೈತೆ?" ಅಂದರು. ಏನಾಗುತ್ತದೆ ಅಂತ ಅವರಿಗೆ ಹೇಗೆ ಹೇಳಲಿ?

ಏಪ್ರಿಲ್ 22, ಮಂಗಳವಾರ

ತುಟಿ ಆಡುತ್ತದೆ. ನಿಲ್ಲುತ್ತದೆ.

ಏಪ್ರಿಲ್ 25, ಶುಕ್ರವಾರ

ಅತ್ತೆ ನಿನ್ನೆ ಬೆಳಗ್ಗೆ ಹೋದರು. ಬಾಯಿ ಸ್ವಲ್ಪ ತೆರೆದಿತ್ತು. ಮುಚ್ಚಿದೆ, ಮತ್ತೆ ತೆರೆಯಿತು.

ಓಬಳಪ್ಪ ಭಾವ ಬಂದರು, ಶಾಸ್ತ್ರವೆಲ್ಲ ಅವರದೇ. ಅಂಗಳದಲ್ಲಿ ಹಟ್ಟಿಯ ಹೆಂಗಸರು ಹೆಣದ ಸುತ್ತ ಕೂತರು. ಬೇಲಿಯ ಪಕ್ಕ ನಮ್ಮ ಸಭೆಯವರು, ಪಾಸ್ಟರಯ್ಯ, ವನಜಾಕ್ಷಿ, ಹೊಸದಾಗಿ ಬರುವ ಹೆಣ್ಣುಮಕ್ಕಳು. ನಾನು ನಡುವೆ.

ಹೆಣ ಎತ್ತುವ ಹೊತ್ತು ಬಂದಾಗ ಗಂಗರತ್ನಮ್ಮ ನನ್ನ ಸೆರಗು ಹಿಡಿದರು. "ಎತ್ತು ಮಾರ್ತಮ್ಮ. ಹೋಗ್ಬಾರಮ್ಮ ಅನ್ನು, ಸಾಕು. ಉಳಿದಿದ್ದು ನಾವು ನೋಡ್ಕೊಂತೀವಿ."

ಎಲ್ಲ ತಲೆಗಳೂ ತಿರುಗಿದವು, ಎರಡು ಕಡೆಯವೂ. ಯಜಮಾನರು ತಲೆ ತಗ್ಗಿಸಿದ್ದರು. ಪಾಸ್ಟರಯ್ಯ ಕಣ್ಣು ಮುಚ್ಚಿದ್ದರು. ಬಾಯಿ ತೆರೆದೆ. ಅತ್ತೆಯ ಬಾಯಿ ನೋಡಿದೆ. ಮೂರೂ ಬಾಗಿಲು ಹಾಕಿಕೊಂಡೆ.

ಗಂಗರತ್ನಮ್ಮ ತಾವೇ ಎತ್ತಲು ಹೋದರು. ಕೆಮ್ಮು ಬಂತು. ಭಾವ, "ಬಿಸ್ಲು ಏರ್ತೈತೆ, ಎತ್ರಪ್ಪ" ಅಂದರು. ಹಾಡಿನ ಕ್ಯಾತಮ್ಮನನ್ನು ಸೊಲ್ಲಿಲ್ಲದೆ ಎತ್ತಿಕೊಂಡು ಹೋದರು. ಗಂಗರತ್ನಮ್ಮ ನನ್ನ ಸೆರಗು ಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

ವನಜಾಕ್ಷಿ ನನ್ನನ್ನು ತಬ್ಬಿಕೊಂಡು, "ಗೆದ್ಬುಟ್ರಿ ಅಕ್ಕ" ಅಂದಳು. ಪಾಸ್ಟರಯ್ಯ, "ನಿಮಗೆ ಎಷ್ಟು ಕಷ್ಟ ಆಯ್ತು ಅಂತ ನಂಗೆ ಗೊತ್ತು ಸಿಸ್ಟರ್. ಹೃದಯ ಕಾಯ್ಕೊಂಡ್ರಿ" ಅಂದರು. ಮನಸ್ಸಿನಿಂದ ಅಂದರು. ತಲೆಯಾಡಿಸಿದೆ.

ಮೇ 4, ಭಾನುವಾರ

ಭೋಜನದ ಭಾನುವಾರ. ಪಾಸ್ಟರಯ್ಯ ನನ್ನ ಮುಂದೆ ನಿಂತು ಕೇಳಿದರು. ಹೌದು ಅಂದೆ. ಸುಳ್ಳಲ್ಲ. ಒಳಗೆ ಹುಡುಕಿ ನೋಡಿದೆ, ಯಾರ ಮೇಲೂ ಸಿಟ್ಟಿಲ್ಲ, ಹೊಟ್ಟೆಕಿಚ್ಚಿಲ್ಲ, ವನಜಾಕ್ಷಿಯ ಸೀರೆ ಯಾವುದು ಅಂತಲೂ ನೋಡಿರಲಿಲ್ಲ. ತಲೆಯಲ್ಲಿ ಆ ಹಾಡೂ ತಿರುಗುತ್ತಿರಲಿಲ್ಲ. ರೊಟ್ಟಿ ತೆಗೆದುಕೊಂಡೆ. ಪಲ್ಲವಿ ನೀವೇ ಎತ್ತಿ ಅಂದರು, ಎತ್ತಿದೆ. ದನಿ ಒಡೆಯಲಿಲ್ಲ. ಮೊದಲಿನ ಹಾಗೇ ಆಯಿತು ಅಂತ ಎಲ್ಲರೂ ಅಂದರು. ನನಗೂ ಸಮಾಧಾನವಾಗಬೇಕು.

ಪಾಸ್ಟರಯ್ಯ ಹೇಳಿದ ಹಾಗೆ ಮೂರು ಬಾಗಿಲಿನ ಲೆಕ್ಕ ಬರೆದು ಬಹಳ ದಿನವಾಯಿತು. ಇವತ್ತು ಬರೆಯುತ್ತೇನೆ.

ಕಣ್ಣು: ಏನೂ ಇಲ್ಲ. ಅತ್ತೆಯ ಮಂಚ ಎತ್ತಿ ಗೋಡೆಗೆ ಒರಗಿಸಿದ್ದಾರೆ.

ನಾಲಿಗೆ: ಏನೂ ಇಲ್ಲ.

ಕಿವಿ: ಏನೂ ಒಳಗೆ ಬರಲಿಲ್ಲ. ಹಾಲು ಕಾಸಿ ಇಟ್ಟು, ಪಡಸಾಲೆಯ ಬಾಗಿಲು ತೆಗೆದುಕೊಂಡು, ಸಂಜೆವರೆಗೂ ಅಲ್ಲೇ ಕೂತಿದ್ದೆ.